ಜೋಶಿ ಮಾಸ್ತರ ಮಗ

ಆ ಹುಡುಗನ ಅಂಗಿಗಳ ಮೇಲೆಲ್ಲ ‘ಜೋಶಿ ಮಾಸ್ತರ ಮಗ’ ಎಂದು ಬರೆದಿರುತ್ತಿತ್ತು. ಬರೆದವರು ಅಪ್ಪ ಗುರುರಾಜಾಚಾರ್ಯ ಜೋಶಿ. ಬರೆಯದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಬೀದಿಯಲ್ಲಿ ಭಜನೆಯವರು ಹೊರಟರೆ, ಮೆರವಣಿಗೆಯ ಬಾಜಾ ಬಜಂತ್ರಿಯವರು ಬಂದರೆ ಹುಡುಗ ಅವರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ನಡೆದು ನಡೆದು ಕಾಲು ಸೋತಾಗ ಎಲ್ಲಿ ಜಾಗ ಸಿಕ್ಕಿತೋ ಅಲ್ಲೇ ನಿದ್ದೆ. ಮನೆಯವರು ಹುಡುಕಿ ಹುಡುಕಿ ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಅಂಗಿಯ ಮೇಲೆ ಬರೆದ ಮೇಲೆ ಕಂಡವರು ಓದಿ, ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸತೊಡಗಿದರು.

ಹುಡುಗ ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ರೋಣದಲ್ಲಿ. ಹೆಸರು ಭೀಮಸೇನ. ಹದಿನಾರು ಮಕ್ಕಳಲ್ಲಿ ಹಿರಿಯವನು. ಅಜ್ಜ ಭೀಮಾಚಾರ್ಯರು ಹಾಡುಗಾರಿಕೆಯಲ್ಲಿ ಹೆಸರು ಮಾಡಿದ್ದವರು. ತಾಯಿ ಗೋದಾವರಿಬಾಯಿ ಭಜನೆ ಹಾಡುತ್ತಿದ್ದರು. ಅಪ್ಪ ಮಾತ್ರ ಓದು ಬರಹದ ಮನುಷ್ಯ. ಹಿರಿಮಗ ನಾಲ್ಕಕ್ಷರ ಕಲಿತು ಒಂದು ನೌಕರಿ ಹಿಡಿಯಲಿ ಎಂಬ ಅವರ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಸಾಲಿ ಮಾಸ್ತರರ ಪಗಾರದಲ್ಲಿ ಅಷ್ಟು ದೊಡ್ಡ ಸಂಸಾರ ನಡೆಸುವವರು ಇನ್ನೇನು ಆಸೆಪಟ್ಟಾರು?

ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಇಂದಿಗೂ ಆಸೆ ಇದೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕಟ್ಟೆಯ ಮೇಲೆ, ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುವ ಮಾತುಗಳನ್ನು ಆಲಿಸಿ: ‘ಸೈನ್ಸ್ ಕೊಡಸ್ರಿ’, ‘ಡಿಪ್ಲೊಮಾ ಮಾಡಸ್ರಿ, ಲಗೂನ ಕೈಗೆ ಬರ್ತಾನ’, ‘ಡಿಗ್ರಿ ಮುಗಿಸಿ ಧಾರವಾಡಕ್ಕ ಕೋಚಿಂಗ್‌ಗೆ ಕಳಸ್ರಿ, ಪಿಎಸ್‌ಐ ಆಗ್ಲಿ’. ಹುಡುಗನಿಗೆ ಯಾವುದರಲ್ಲಿ ಮನಸ್ಸು ನಿಲ್ಲುತ್ತದೆ ಎಂಬ ಪ್ರಶ್ನೆ ಆ ಮಾತುಗಳ ನಡುವೆ ಬರುವುದು ಅಪರೂಪ. ಬಂದರೂ ಅದಕ್ಕೆ ಸಿದ್ಧ ಉತ್ತರವೊಂದಿದೆ: ‘ಅದೆಲ್ಲಾ ಖರೆ, ಹೊಟ್ಟಿಗೇನು?’

ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಮನಸ್ಸಿಗೊಪ್ಪುವ ವೃತ್ತಿಯನ್ನೇ ಹಿಡಿಯಬೇಕು ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ಸುಲಭ. ಭೀಮಸೇನ ಜೋಶಿಯವರ ಕಥೆಯನ್ನೂ ನಾವು ಹಾಗೆಯೇ ಹೇಳುತ್ತ ಬಂದಿದ್ದೇವೆ. ಹನ್ನೊಂದು ವರ್ಷದ ಹುಡುಗ ಸಂಗೀತದ ಹುಚ್ಚಿಗೆ ಮನೆ ಬಿಟ್ಟು ಓಡಿಹೋದ, ಭಾರತರತ್ನನಾದ ಎನ್ನುತ್ತೇವೆ. ಚಪ್ಪಾಳೆ ಬೀಳುತ್ತದೆ, ಕಾರ್ಯಕ್ರಮ ಮುಗಿಯುತ್ತದೆ. ಓಡಿಹೋದದ್ದಕ್ಕೂ ಭಾರತರತ್ನಕ್ಕೂ ನಡುವೆ ಎಪ್ಪತ್ತೈದು ವರ್ಷಗಳಿವೆ. ನಮ್ಮ ಮಕ್ಕಳಿಗೆ ಬೇಕಾದದ್ದು ಇರುವುದು ಆ ನಡುವಿನಲ್ಲಿ.

ಮೊದಲು ಓಟದ ಮಾತು. ಹುಡುಗನಿಗೆ ಮೊದಲು ಪಾಠ ಹೇಳಿದವರು ಕುರ್ತಕೋಟಿಯ ಚೆನ್ನಪ್ಪ. ಭೈರವ, ಭೀಮಪಲಾಸ ಇಂಥ ಒಂದೆರಡು ರಾಗ ಅವರಿಂದ ಬಂದವು. ಅಷ್ಟರಲ್ಲಿ ಒಂದು ದಿನ ಅಂಗಡಿಯೊಂದರಲ್ಲಿ ಹಚ್ಚಿದ್ದ ಗ್ರಾಮಫೋನ್ ತಟ್ಟೆಯಿಂದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕಿವಿಗೆ ಬಿತ್ತು. ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷ ಹಾಡಿದರೆ ಹೆಚ್ಚು. ತಾನೂ ಹೀಗೆಯೇ ಹಾಡಬೇಕು ಎಂದು ಹುಡುಗ ನಿಶ್ಚಯಿಸಿದ್ದು ಅಲ್ಲಿ. ಮನೆ ಬಿಟ್ಟದ್ದು 1933ರಲ್ಲಿ. ಊಟದ ಹೊತ್ತಿನಲ್ಲಿ ಒಂದು ಚಮಚೆ ತುಪ್ಪಕ್ಕಾಗಿ ತಾಯಿಯೊಡನೆ ಜಗಳವಾಡಿ ಎದ್ದು ಹೋದ ಎಂದು ಹೇಳುವುದುಂಟು. ತುಪ್ಪ ನೆವವಾಗಿದ್ದೀತು, ಕಾಲು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಹೊರಗೆ ಇಟ್ಟಾಗಿತ್ತು.

ಧಾರವಾಡ, ಆಗಿನ ಬಿಜಾಪುರ, ಪುಣೆ. ಅಲ್ಲಿಂದ ಗ್ವಾಲಿಯರ್. ಕೈಯಲ್ಲಿ ಟಿಕೆಟ್ ಇಲ್ಲ. ಹಾಡಿ ತೋರಿಸಿದರೆ ರೈಲಿನಲ್ಲಿದ್ದವರು ಕಾಸು ಕೊಡುತ್ತಿದ್ದರು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆಗೆ ಪ್ರವೇಶ ಸಿಕ್ಕಿತು. ಲಖನೌ, ರಾಂಪುರ, ದಿಲ್ಲಿ, ಕಲಕತ್ತೆಗಳನ್ನು ಸುತ್ತಿದ್ದಾಯಿತು. ಕಲಕತ್ತೆಯಲ್ಲಿ ಚಿತ್ರನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸದ ಹುಡುಗನಾಗಿ ಇದ್ದದ್ದೂ ಆಯಿತು. ಕೊನೆಗೆ ಪಂಜಾಬಿನ ಜಲಂಧರ. ಅಲ್ಲಿ ಅಂಧ ಗಾಯಕ ಭಕ್ತ ಮಂಗತರಾಮರ ಬಳಿ ಧ್ರುಪದ ಕಲಿಯುತ್ತಿದ್ದಾಗ, ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಪುಣೆಯಿಂದ ವಿನಾಯಕರಾವ್ ಪಟವರ್ಧನರು ಬಂದರು. ಕನ್ನಡದ ಹುಡುಗ ಇಷ್ಟು ದೂರ ಬಂದು ಏನು ಮಾಡುತ್ತಿದ್ದಾನೆ ಎಂದು ವಿಚಾರಿಸಿದರು. ನಿನ್ನ ಊರ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಬಳಿ ಹೋಗು ಎಂದರು.

ಸವಾಯಿ ಗಂಧರ್ವ ಎಂದರೆ ಧಾರವಾಡದ ಹತ್ತಿರದ ಅಮರಗೋಳದಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ. ಹುಡುಗ ಯಾರ ತಟ್ಟೆ ಕೇಳಿ ಮನೆ ಬಿಟ್ಟಿದ್ದನೋ ಆ ಅಬ್ದುಲ್ ಕರೀಂ ಖಾನರ ಪಟ್ಟಶಿಷ್ಯ. ಇದ್ದದ್ದು ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಉತ್ತರ ಹಿಂದೂಸ್ಥಾನವನ್ನೆಲ್ಲ ಅಲೆದು ಹುಡುಕಿದ ಗುರು ತನ್ನ ಊರಿನಿಂದ ಒಂದು ದಿನದ ದಾರಿಯಲ್ಲಿದ್ದರು.

ಇಲ್ಲಿ ಗುರುರಾಜಾಚಾರ್ಯರನ್ನು ನೆನೆಯದೆ ಮುಂದೆ ಹೋಗಬಾರದು. ಮಗ ಜಲಂಧರದಲ್ಲಿದ್ದಾನೆಂದು ತಿಳಿದು ಕರೆತಂದವರು ಅವರೇ. ಕರೆತಂದ ಮೇಲೆ ಅವರು ಏನು ಬೇಕಾದರೂ ಮಾಡಬಹುದಿತ್ತು. ಕೂಡಿಹಾಕಬಹುದಿತ್ತು, ಬಡಿದು ಸಾಲಿಗೆ ಅಟ್ಟಬಹುದಿತ್ತು, ಯಾವುದಾದರೂ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂಡಿಸಬಹುದಿತ್ತು. ಮೂರು ವರ್ಷ ಮಗನ ಸುದ್ದಿಗಾಗಿ ಹಂಬಲಿಸಿದ ತಂದೆಗೆ ಹಾಗೆ ಮಾಡುವ ಹಕ್ಕಿದೆಯೆಂದೇ ಊರೂ ಹೇಳುತ್ತಿತ್ತು. ಅವರು ಹಟ ಬಿಟ್ಟರು. 1936ರಲ್ಲಿ ಸವಾಯಿ ಗಂಧರ್ವರು ಹುಡುಗನನ್ನು ಒಪ್ಪಿಕೊಂಡರು. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು ಇದು. ಓಡಿಹೋದದ್ದು ಹುಡುಗನ ಧೈರ್ಯವಾದರೆ, ಬಿಟ್ಟುಕೊಟ್ಟದ್ದು ಮಾಸ್ತರರ ಧೈರ್ಯ. ಎರಡನೆಯದನ್ನು ನಾವು ಯಾವ ಸನ್ಮಾನದ ಭಾಷಣದಲ್ಲೂ ಹೇಳುವುದಿಲ್ಲ.

ಕುಂದಗೋಳದಲ್ಲಿ ಹುಡುಗನಿಗೆ ಕಾದಿದ್ದು ಕೊಡಪಾನ. ಗುರುಗಳ ಮನೆಗೆ ನೀರು ಹೊರಬೇಕು, ಮನೆಗೆಲಸ ಮಾಡಬೇಕು. ಮೊದಮೊದಲು ಪಾಠಕ್ಕಿಂತ ಕೆಲಸವೇ ಹೆಚ್ಚು. ಹಳೆಯ ಗುರುಕುಲದ ಈ ಪದ್ಧತಿ ಇಂದಿಗೂ ಒಪ್ಪತಕ್ಕದ್ದೆಂದು ನಾನು ಹೇಳುವುದಿಲ್ಲ. ಮಕ್ಕಳನ್ನು ದುಡಿಸಿಕೊಳ್ಳುವುದಕ್ಕೆ ಅದನ್ನು ನೆವ ಮಾಡಿಕೊಂಡವರೂ ಇದ್ದಾರೆ. ಆದರೆ ಪಾಠ ಶುರುವಾದ ಮೇಲಿನ ಕ್ರಮ ನೋಡಿ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಮತ್ತೆ ಮರುದಿನ ಬೆಳಿಗ್ಗೆ ತೋಡಿ. ರಾಗಗಳ ಮೂಟೆ ಕಟ್ಟಿಕೊಡುವ ಅವಸರ ಗುರುಗಳಿಗಿರಲಿಲ್ಲ. ಒಂದು ಸ್ವರ ತನ್ನ ಜಾಗದಲ್ಲಿ ಕೂರುವ ತನಕ ಅದನ್ನೇ ಹಿಡಿದು ತಿದ್ದುವುದು ಅವರ ಕಿರಾಣಾ ಘರಾಣೆಯ ರೀತಿ. ದಿನವೂ ಅದೇ ತಪ್ಪು, ಅದೇ ತಿದ್ದುಪಡಿ. ತೋಡಿಯ ಕೋಮಲ ಗಾಂಧಾರ ಎಳ್ಳಷ್ಟು ಮೇಲಾದರೂ ಗುರುಗಳಿಗೆ ಸಮಾಧಾನವಿಲ್ಲ. ಹೀಗೆ ಸುಮಾರು ನಾಲ್ಕು ವರ್ಷ.

ಕೈಯಲ್ಲಿ ಕಾಸಿಲ್ಲದೆ ರೈಲು ಹತ್ತಿದ ಹುಡುಗ, ಬೇಸರ ಬಂದ ಕೂಡಲೆ ಊರು ಬಿಡುವುದು ರೂಢಿಯಾಗಿದ್ದ ಹುಡುಗ, ಕುಂದಗೋಳದಿಂದ ಓಡಿಹೋಗಲಿಲ್ಲ. ಹಿಂದೊಮ್ಮೆ ಗ್ವಾಲಿಯರನ್ನು ಬಿಟ್ಟವನು, ಕಲಕತ್ತೆಯನ್ನು ಬಿಟ್ಟವನು, ನೀರಿನ ಕೊಡ ಹೊತ್ತುಕೊಂಡು ಇಲ್ಲಿ ನಿಂತ. ಅವನ ಒಲವು ಎಂಥದೆಂದು ಅವನಿಗೇ ತಿಳಿದದ್ದು ಇಲ್ಲಿಯೇ ಇರಬೇಕು. ಝಿಂಝೋಟಿಯ ಠುಮ್ರಿ ಕೇಳಿ ಮೈಮರೆತವರು ಆ ಕಾಲದಲ್ಲಿ ಸಾವಿರಾರು ಮಂದಿ ಇದ್ದಾರು. ಒಂದೇ ತೋಡಿಯನ್ನು ವರ್ಷಗಟ್ಟಲೆ ದಿನದಿನವೂ ಹಾಡಿ ಬೇಸರಪಡದವರು ಬೆರಳೆಣಿಕೆಯಷ್ಟು.

ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳಬೇಕೆಂದಿರುವುದು ಇದೊಂದೇ. ಒಂದು ವಿದ್ಯೆ ನಿಮ್ಮದು ಹೌದೋ ಅಲ್ಲವೋ ಎಂದು ತಿಳಿಯಲು ಅದರ ಸಿಹಿಯನ್ನು ನೋಡಬೇಡಿ. ಅದರಲ್ಲಿರುವ ಬೇಸರದ ಕೆಲಸವನ್ನು ನೋಡಿ. ಕ್ರಿಕೆಟ್ಟಿನಲ್ಲಿ ಸಿಕ್ಸರ್ ಹೊಡೆಯುವುದು ಎಲ್ಲರಿಗೂ ಇಷ್ಟ. ಒಂದೇ ಜಾಗಕ್ಕೆ ನೂರು ಸಲ ಚೆಂಡು ಹಾಕುವುದು ಇಷ್ಟವೇ? ಗದಗಿನ ಕ್ರಿಕೆಟಿಗ ಸುನೀಲ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮಾಡಿ, ಸಾಲಿಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರು 10 ಓವರಿನಲ್ಲಿ 6 ಮೇಡನ್ ಹಾಕಿ, 6 ರನ್ ಕೊಟ್ಟು, 5 ವಿಕೆಟ್ ತೆಗೆದದ್ದನ್ನು ಎಲ್ಲರೂ ಕಂಡರು. ಹುಬ್ಬಳ್ಳಿಯ ಆ ನಸುಕಿನ ಪಯಣವನ್ನು ಕಂಡವರು ಎಷ್ಟು ಜನ?

ಹೊಟ್ಟಿಗೇನು ಎಂಬ ಪ್ರಶ್ನೆಗೆ ಬರೋಣ. ಭೀಮಸೇನರು ಮೊದಲ ಕಛೇರಿ ಮಾಡಿದ್ದು 1941ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ. ಮರುವರ್ಷ ಎಚ್‌ಎಂವಿ ಕಂಪನಿಯಿಂದ ಅವರ ಮೊದಲ ತಟ್ಟೆ ಬಂತು. ಅದರಲ್ಲಿದ್ದವು ಮರಾಠಿ, ಹಿಂದಿ ಭಕ್ತಿಗೀತೆಗಳು. 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೊ ಕಲಾವಿದರಾದರು. ಖಯಾಲನ್ನೇ ಹಾಡುತ್ತೇನೆ, ಬೇರೇನೂ ಹಾಡುವುದಿಲ್ಲ ಎಂದು ಅವರು ಕೂರಲಿಲ್ಲ. ಅಭಂಗ ಹಾಡಿದರು, ದಾಸರ ಪದ ಹಾಡಿದರು, ಸಿನಿಮಾಕ್ಕೂ ಹಾಡಿದರು. ಕನ್ನಡದ ‘ಸಂಧ್ಯಾರಾಗ’ ಚಿತ್ರದಲ್ಲಿ ಅವರ ದನಿ ಇದೆ. ಊರೂರು ತಿರುಗಿ ಕಛೇರಿ ಮಾಡಿದರು. 1946ರಲ್ಲಿ ಗುರುಗಳ ಷಷ್ಟ್ಯಬ್ದಿಯ ಸಮಾರಂಭದಲ್ಲಿ ಹಾಡಿದ ಮೇಲೆ ಪುಣೆ ಕಡೆಯ ರಸಿಕರು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡರು. ವಿದ್ಯೆಯನ್ನೂ ಉಪಜೀವನವನ್ನೂ ಒಂದೇ ನೊಗಕ್ಕೆ ಹೂಡುವುದು ಹೇಗೆಂದು ಅವರು ಇಪ್ಪತ್ತರ ಹರೆಯದಲ್ಲೇ ಕಲಿತಿದ್ದರು. ಒಲವಿನ ಮಾತಾಡುವವರು ಈ ಲೆಕ್ಕವನ್ನು ಮರೆಸಬಾರದು. ಮಕ್ಕಳಿಗೆ ಹಾಡು ಕಲಿಸುವಾಗ ಹಾಡಿ ಬದುಕುವುದನ್ನೂ ಕಲಿಸಬೇಕು.

ಗುರು ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ ಪುಣೆಯಲ್ಲಿ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ಶುರುವಾಯಿತು. ಭೀಮಸೇನರು ದಶಕಗಳ ಕಾಲ ಅದನ್ನು ಹೊತ್ತು ನಡೆಸಿದರು. 1972ರಲ್ಲಿ ಪದ್ಮಶ್ರೀ, 1985ರಲ್ಲಿ ಪದ್ಮಭೂಷಣ, 1999ರಲ್ಲಿ ಪದ್ಮವಿಭೂಷಣ, 2008ರಲ್ಲಿ ಭಾರತರತ್ನ. 2011ರ ಜನವರಿ 24ರಂದು ಪುಣೆಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಇದು ಗಂಡುಹುಡುಗನ ಕಥೆ. ನರೇಗಲ್ಲಿನ, ಕೊಣ್ಣೂರಿನ, ಸೂಡಿಯ ಹನ್ನೊಂದು ವರ್ಷದ ಹುಡುಗಿ ಟಿಕೆಟ್ ಇಲ್ಲದೆ ಗ್ವಾಲಿಯರಿಗೆ ಹೋಗಲಾರಳು. ಹೋಗಲೂ ಬಾರದು. ಅವಳಿಗೆ ಹೇಳಬೇಕಾದ ಕಥೆ ಬೇರೆ ಇದೆ, ಅದೂ ಕುಂದಗೋಳದ್ದೇ. ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಮನೆ, ಮಕ್ಕಳು, ಸಂಸಾರದ ತಾಪತ್ರಯ ಎಲ್ಲ ಬೆನ್ನ ಮೇಲಿತ್ತು. ಬೀದಿಯಲ್ಲಿ ನಡೆದರೆ ಹಾಡುವವಳು ಬಂದಳೆಂದು ಜನ ಹಂಗಿಸುತ್ತಿದ್ದುದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಪಾಠ ಮುಗಿಸಿ ಸ್ಟೇಶನ್ನಿಗೆ ಹೊರಟರೆ ಜೊತೆಗೆ ಭೀಮಸೇನ ಹೋಗುತ್ತಿದ್ದ. ದಾರಿಯುದ್ದಕ್ಕೂ ‘ಅಕ್ಕ’ನಿಂದ ಆ ದಿನದ ಪಾಠ ಕೇಳಿ ತಿಳಿದುಕೊಳ್ಳುತ್ತಿದ್ದ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ಥಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಮನೆ ಬಿಡದೆ, ದಿನದಿನವೂ ಹೋಗಿ ಬಂದು ಕಲಿತ ಗಂಗೂಬಾಯಿಯವರದು ಓಟಕ್ಕಿಂತ ಕಷ್ಟದ ದಾರಿ ಎಂದೇ ನನ್ನ ಎಣಿಕೆ. ನಮ್ಮ ಸಾಲಿಗಳಲ್ಲಿ ಈ ಎರಡೂ ಕಥೆಗಳನ್ನು ಒಟ್ಟಿಗೆ ಹೇಳಬೇಕು.

ಮಕ್ಕಳನ್ನು ಇಂಥ ದಾರಿಗೆ ಬಿಡಲು ತಂದೆತಾಯಂದಿರು ಹೆದರುವುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಈ ಗದಗ ಸೀಮೆ ಮಳೆ ನಂಬಿದ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ; ಮೋಡ ಕೈಕೊಟ್ಟರೆ ವರ್ಷವೇ ಹೋಯಿತು. ಕಾಲುವೆ ಬಂದರೂ ನೆಮ್ಮದಿ ಬರಲಿಲ್ಲ. ಮಲಪ್ರಭೆಯ ನೀರಿನ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರದ ವಿರುದ್ಧ ನರಗುಂದದ ರೈತರು ಎದ್ದದ್ದು, 1980ರ ಜುಲೈ 21ರಂದು ಗೋಲಿಬಾರ್ ಆದದ್ದು ಈ ನಾಡಿನ ರೈತ ಚಳವಳಿಯ ಮೊದಲ ಅಧ್ಯಾಯ. ಮಹದಾಯಿ ನೀರಿಗಾಗಿ 2015ರಿಂದ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತರು. ನೆಲವನ್ನು ನಂಬಿ ಇಷ್ಟು ಪೆಟ್ಟು ತಿಂದವರು ತಿಂಗಳಿಗೊಮ್ಮೆ ತಪ್ಪದೆ ಬರುವ ಸರ್ಕಾರಿ ಪಗಾರವನ್ನು ದೇವರೆಂದು ಕಂಡರೆ ಅವರನ್ನು ಯಾರೂ ದೂರಲಾಗದು.

ಆದರೂ ಅವರೊಡನೆ ವಾದಿಸಬೇಕಾಗಿದೆ, ಮಕ್ಕಳ ಪರವಾಗಿ. ಕೋಚಿಂಗಿನ ಕೋಣೆಗಳಲ್ಲಿ ಇಪ್ಪತ್ತರಿಂದ ಮೂವತ್ತರ ತನಕ ಅರ್ಜಿ ಹಾಕುತ್ತಲೇ ಕಳೆಯುವವರು ಎಷ್ಟೋ ಜನ. ಆ ನೌಕರಿ ನಿಜವಾಗಿ ಬೇಕೆಂದು ಓದುವವರಿಗೆ ನನ್ನ ನಮಸ್ಕಾರ. ಒಳ್ಳೆಯ ಪಿಎಸ್‌ಐ, ಒಳ್ಳೆಯ ತಹಶೀಲ್ದಾರ ಈ ನಾಡಿಗೆ ಬೇಕೇ ಬೇಕು. ಬೇರೆ ದಾರಿ ಕಾಣದ್ದಕ್ಕೆ ಅಲ್ಲಿ ಕೂತವರ ಬಗ್ಗೆ ನನಗೆ ಸಂಕಟ. ಹೊಲದ ಅನಿಶ್ಚಯಕ್ಕೆ ಹೆದರಿ ಹೋದವರು ಪರೀಕ್ಷೆಯ ಅನಿಶ್ಚಯದಲ್ಲಿ ಹತ್ತು ವರ್ಷ ಕಳೆಯುತ್ತಾರೆ.

ದಾರಿಗಳು ಇಲ್ಲವೇ ಇಲ್ಲ ಎಂದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಅಲ್ಲಿ ಕಲಿತು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಹಾರ್ಮೋನಿಯಂ ತಬಲಾ ನುಡಿಸುವವರಾಗಿ ಸಂಸಾರ ನಡೆಸುತ್ತಿರುವವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ‘ಹೊಟ್ಟಿಗೇನು’ ಎಂಬ ಪ್ರಶ್ನೆಗೆ ಉತ್ತರವನ್ನು ಪುಣ್ಯಾಶ್ರಮದಷ್ಟು ದೀರ್ಘಕಾಲ ಕೊಟ್ಟ ಸಂಸ್ಥೆ ನಮ್ಮ ಭಾಗದಲ್ಲಿ ಇನ್ನೊಂದು ನನಗೆ ಕಾಣದು. ಕುಂಚ ಹಿಡಿಯುವ ಮಕ್ಕಳಿಗಾಗಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರವೂ ಗದಗಿನಲ್ಲೇ ಇದೆ.

ಓದಿನ ದಾರಿಯಲ್ಲೇ ಒಲವನ್ನು ಕಂಡವರೂ ಇದೇ ನೆಲದವರು. ರೋಣ ತಾಲೂಕಿನ ಅಬ್ಬಿಗೇರಿಯಿಂದ ಹೊರಟ ಗಿರಡ್ಡಿ ಗೋವಿಂದರಾಜರು ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ ಕನ್ನಡದ ದೊಡ್ಡ ವಿಮರ್ಶಕರಾದರು. ವಕೀಲಿ ಓದಿ ಧಾರವಾಡದಲ್ಲಿ ವೃತ್ತಿ ಹಿಡಿದಿದ್ದ ಆಲೂರು ವೆಂಕಟರಾಯರು ಹಂಪಿಯ ಹಾಳುಗಳನ್ನು ಕಂಡ ಮೇಲೆ ಮನಸ್ಸು ತಿರುಗಿಸಿ, ಕರ್ನಾಟಕದ ಏಕೀಕರಣಕ್ಕೇ ಬದುಕು ಕೊಟ್ಟರು. ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ಕೈಯಲ್ಲಿದ್ದ ವೃತ್ತಿಯನ್ನು ಬಿಟ್ಟು ಹೊರಟಾಗ ಅವರೇನೂ ಹನ್ನೊಂದು ವರ್ಷದ ಹುಡುಗರಾಗಿರಲಿಲ್ಲ.

ಗಜೇಂದ್ರಗಡದ ಮಗ್ಗದ ಮಾತು ಬೇರೆಯೇ. ಚೌಕುಳಿಯ ಮೈಯ, ಅಗಲ ಅಂಚಿನ, ಗಟ್ಟಿ ಹತ್ತಿಯ ಪಟ್ಟೆದಂಚು ಸೀರೆ ಒಂದು ಕಾಲಕ್ಕೆ ಈ ಊರಿನ ಹೆಗ್ಗಳಿಕೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಉಡುತ್ತಿದ್ದರು, ಮದುವಣಗಿತ್ತಿಗೆ ಕೊಡುತ್ತಿದ್ದರು. ನೇಯುವವರು ಕಡಿಮೆಯಾಗಿ ಅದು ಮರೆಯಾಗುತ್ತ ಬಂದಾಗ ಹುಡುಕಿ ಮತ್ತೆ ಮಗ್ಗಕ್ಕೆ ಏರಿಸಲು ದುಡಿದವರು ಹೇಮಲತಾ ಜೈನ್ ಎಂಬ ಜವಳಿ ವಿನ್ಯಾಸಕಿ. ಬೇರೆ ಊರಿನಿಂದ ಬಂದ ಒಬ್ಬರಿಗೆ ಜೀವನದ ಕೆಲಸವಾಗಿ ಕಂಡದ್ದು ಗಜೇಂದ್ರಗಡದ ಮಕ್ಕಳಿಗೆ ಕಾಣದೆ ಹೋಯಿತೆಂದು ನೇಕಾರರ ಮಕ್ಕಳನ್ನು ಬೈಯುವ ಹಾಗಿಲ್ಲ. ಅಪ್ಪನ ಬೆನ್ನು ಕುಣಿಮಗ್ಗದಲ್ಲಿ ಬಾಗಿದ್ದನ್ನೂ, ಕೂಲಿ ಏರದಿದ್ದುದನ್ನೂ ಕಂಡು ಬೆಳೆದವರು ಅವರು. ನೇಯ್ಗೆಗೆ ತಕ್ಕ ಬೆಲೆ ಸಿಕ್ಕರೆ, ಬಣ್ಣ, ವಿನ್ಯಾಸ, ಮಾರಾಟ ಎಲ್ಲವನ್ನೂ ಕಲಿಸುವ ವ್ಯವಸ್ಥೆ ಊರಲ್ಲೇ ಇದ್ದರೆ ಅವರಲ್ಲೂ ಕೆಲವರು ಮಗ್ಗದ ಕಡೆ ಹೊರಳಿ ನೋಡಿಯಾರು. ಒಲವು ಹುಟ್ಟಲು ಮರ್ಯಾದೆಯ ದುಡಿಮೆಯೂ ಬೇಕಾಗುತ್ತದೆ. ಈಗ ಆ ಊರಿನ ಸುತ್ತಲಿನ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳು ತಿರುಗುತ್ತಿವೆ. ಅವುಗಳ ಯಂತ್ರದ ಗುಟ್ಟು ತಿಳಿಯಬೇಕೆಂದು ಹಂಬಲಿಸುವ ಹುಡುಗಿಯೂ ಅದೇ ಊರಿನಲ್ಲಿರಬಹುದು. ಸಂಗೀತವೇ ಆಗಬೇಕೆಂದಿಲ್ಲ. ಮೋಟಾರು ಬಿಚ್ಚಿ ಜೋಡಿಸುವುದರಲ್ಲಿ, ದನದ ರೋಗ ಗುರುತಿಸುವುದರಲ್ಲಿ, ಲೆಕ್ಕ ಬಿಡಿಸುವುದರಲ್ಲಿ, ಚಿಕ್ಕ ಮಕ್ಕಳಿಗೆ ಓದು ಕಲಿಸುವುದರಲ್ಲಿ ಹೊತ್ತು ಹೋದದ್ದು ತಿಳಿಯದ ಮಗು ನಿಮ್ಮ ಮನೆಯಲ್ಲೇ ಇದ್ದೀತು.

ಆ ಒಲವು ತಿಳಿಯಬೇಕಾದರೆ ಮಗುವಿನ ಕಿವಿಗೆ, ಕಣ್ಣಿಗೆ ಏನಾದರೂ ಬೀಳಬೇಕು. ಭೀಮಸೇನರ ಕಿವಿಗೆ ತಾಯಿಯ ಭಜನೆ ಬಿತ್ತು, ಬೀದಿಯ ಬಾಜಾ ಬಿತ್ತು, ಅಂಗಡಿಯ ತಟ್ಟೆ ಬಿತ್ತು. ಕುರ್ತಕೋಟಿಯ ಚೆನ್ನಪ್ಪ ಕೈಗೆಟುಕುವ ದೂರದಲ್ಲಿದ್ದರು. ನಮ್ಮ ಪ್ರೌಢಶಾಲೆಗಳಲ್ಲಿ ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣದ ಹುದ್ದೆ ಖಾಲಿ ಇದ್ದರೆ ಯಾರೂ ಗಲಾಟೆ ಮಾಡುವುದಿಲ್ಲ. ಗಣಿತದ ಮಾಸ್ತರರಿಲ್ಲದಿದ್ದರೆ ಅರ್ಜಿ ಕೊಡುವ ನಾವು ಇವುಗಳಿಗೂ ಅರ್ಜಿ ಕೊಡಬೇಕು.

ಶಾಲೆ ಸುಧಾರಿಸುವ ತನಕ ಕಾಯಬೇಕಾಗಿಯೂ ಇಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವೆ ಮಕ್ಕಳಿಗೆ ಬಿಡುವು ಸಿಗುತ್ತದೆ. ಆ ಬೇಸಿಗೆಯಲ್ಲಿ ನಿಮ್ಮ ಮಗ, ಮಗಳು ಯಾವುದರ ಸುತ್ತ ಸುಳಿದಾಡುತ್ತಾರೋ ನೋಡಿ. ಆ ಕೆಲಸ ಬಲ್ಲವರನ್ನು ಮೊದಲು ನಿಮ್ಮ ಊರಿನಲ್ಲಿ, ಆಮೇಲೆ ಗದಗಿನಲ್ಲಿ, ಹುಬ್ಬಳ್ಳಿ ಧಾರವಾಡದಲ್ಲಿ ಹುಡುಕಿ. ಗ್ಯಾರೇಜಿರಲಿ, ಮಗ್ಗವಿರಲಿ, ಪಶು ಆಸ್ಪತ್ರೆಯಿರಲಿ, ತಬಲಾ ಮಾಸ್ತರರ ಮನೆಯಿರಲಿ, ನಾಲ್ಕು ವಾರ ಅಲ್ಲಿ ಕೂಡಿಸಿ, ಅಲ್ಲಿನ ಬೇಸರದ ಕೆಲಸವನ್ನೂ ಮಾಡಲು ಬಿಡಿ. ಅದರ ಮೇಲೂ ಮರುದಿನ ಬೆಳಿಗ್ಗೆ ತಾನಾಗಿ ಎದ್ದು ಹೊರಟರೆ ನಿಮಗೆ ಉತ್ತರ ಸಿಕ್ಕಿತು. ಹೊರಡದಿದ್ದರೆ ಅದೂ ಉತ್ತರವೇ, ಒಂದು ಬೇಸಿಗೆಯಷ್ಟೇ ಖರ್ಚಾಯಿತು. ಮಗು ಒಂಟಿಯಾಗಿ ಹುಡುಕಿಕೊಂಡು ಹೋಗಲಿ ಎಂದು ಬಿಡಬೇಡಿ. ಮೊದಲ ದಿನ ಜೊತೆಗೆ ನೀವೂ ಹೋಗಿರಿ.